ಆಕಾಶದಲ್ಲಿ ಬೆಳಕು ಕಂಡರೆ ಮೊದಲು ಗಡಿಯಾರ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಯಾವ ಮೂಲೆಯಲ್ಲಿ ರಾತ್ರಿ ಹೊತ್ತು ಆಕಾಶದಲ್ಲಿ ಅರ್ಥವಾಗದ ಬೆಳಕು ಕಾಣಿಸಿದರೂ ಮರುದಿನ ಬೆಳಗ್ಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಭೌತವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ತಾರಸಿಯ ಮೇಲೆ ಒಂದು ದೂರದರ್ಶಕ ಇಟ್ಟುಕೊಂಡವನು ಎಂಬ ಕಾರಣಕ್ಕೆ ಬದಿಯಡ್ಕದಿಂದಲೂ ಮಂಜೇಶ್ವರದಿಂದಲೂ ಮುಳ್ಳೇರಿಯದಿಂದಲೂ ಜನರು ಕರೆ ಮಾಡಿ ಅದೇನೆಂದು ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ಎಷ್ಟು ಗಂಟೆಗೆ ಕಂಡಿರಿ ಎಂದು ನಾನು ತಿರುಗಿ ಕೇಳಿದರೆ "ಊಟಕ್ಕೆ ಮೊದಲು" ಎನ್ನುತ್ತಾರೆ. ಯಾವ ದಿಕ್ಕಿನಲ್ಲಿ ಎಂದರೆ "ನಮ್ಮ ಬಾವಿಯ ಆಚೆ ಬದಿಯಲ್ಲಿ" ಎನ್ನುತ್ತಾರೆ. ನಿಮ್ಮ ಬಾವಿ ಎಲ್ಲಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು? ಎಷ್ಟು ಎತ್ತರದಲ್ಲಿತ್ತು ಎಂದರೆ "ತುಂಬಾ ಎತ್ತರದಲ್ಲಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆದುದರಿಂದ ಇಂದು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಬೆಳಕು ಕಂಡ ಕೂಡಲೇ, ಪಕ್ಕದವರೊಡನೆ ಮಾತಾಡುವ ಮೊದಲು, ಹೊತ್ತು, ದಿಕ್ಕು, ಎತ್ತರ ಈ ಮೂರನ್ನು ಒಂದು ಕಾಗದದಲ್ಲಿ ಬರೆದಿಡಿ.

"ನಾನೊಬ್ಬನೇ ಅಲ್ಲ, ಐವತ್ತು ಜನ ನೋಡಿದ್ದೇವೆ, ಐವತ್ತು ಜನರೂ ಸುಳ್ಳು ಹೇಳುತ್ತಾರೆಯೇ?" ಎಂಬ ವಾದವನ್ನು ನೀವೂ ಕೇಳಿರುತ್ತೀರಿ. ಯಾರೂ ಸುಳ್ಳು ಹೇಳುವುದಿಲ್ಲ. ಆದರೆ ಐವತ್ತು ಜನ ನೋಡಿ, ಆಮೇಲೆ ಅರ್ಧ ಗಂಟೆ ಒಟ್ಟಿಗೆ ಕುಳಿತು ಮಾತಾಡಿದರೆ, ನನ್ನ ಪಾಲಿಗೆ ಅಲ್ಲಿ ಉಳಿಯುವುದು ಒಬ್ಬನೇ ಸಾಕ್ಷಿ. ಇದಕ್ಕೆ ನಮ್ಮ ಊರಿನ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಕುಂಬಳೆಗೆ ಹೆಚ್ಚು ದೂರವಲ್ಲದ ಒಂದು ಹಳ್ಳಿಯ ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ ಏರ್ಪಾಡಾಗಿತ್ತು. ಈಗಿನ ಪದ್ಧತಿಯಂತೆ ಕಾಲಮಿತಿಯ ಆಟವಾದುದರಿಂದ ಕತ್ತಲಾಗುತ್ತಿದ್ದಂತೆ ಚೆಂಡೆ ಶುರುವಾಗಿದೆ, ಜನ ಸೇರಿದ್ದಾರೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಯಾರೋ ಮೇಲೆ ನೋಡಿ ಕೂಗಿದರು. ಸಮುದ್ರದ ಕಡೆಯಿಂದ ಬೆಳಕಿನ ಚುಕ್ಕೆಗಳ ಸಾಲೊಂದು, ರಾತ್ರಿ ಹೋಗುವ ರೈಲಿನ ಕಿಟಕಿಗಳ ಹಾಗೆ ಸಮನಾದ ಅಂತರದಲ್ಲಿ, ಸದ್ದಿಲ್ಲದೆ ತಲೆಯ ಮೇಲಿನಿಂದ ಸಾಗಿ ಘಟ್ಟದ ಕಡೆಗೆ ಹೋಗಿ ಮಾಯವಾಯಿತು. ಸಭೆಯೆಲ್ಲ ಎದ್ದು ನಿಂತಿತು. ಭಾಗವತರು ಪದ ನಿಲ್ಲಿಸಲಿಲ್ಲ, ಆದರೆ ವೇಷಧಾರಿಯೂ ಕುಣಿಯುತ್ತಲೇ ಒಮ್ಮೆ ಕತ್ತೆತ್ತಿ ನೋಡಿದರಂತೆ.

ಎರಡು ದಿನ ಬಿಟ್ಟು ನನ್ನನ್ನು ಅಲ್ಲಿಗೆ ಕರೆಸಿದರು. ಅಷ್ಟು ಹೊತ್ತಿಗಾಗಲೇ ಬೇರೆ ಯಾವುದೋ ದೇಶದಲ್ಲಿ ತೆಗೆದ ಒಂದು ವಿಡಿಯೊ ಎಲ್ಲರ ವಾಟ್ಸಾಪ್‌ನಲ್ಲಿ ಓಡಾಡಿ ಮುಗಿದಿತ್ತು. ಅದರಲ್ಲಿ ಸಾಲಿನ ಮುಂದೆ ದೊಡ್ಡದಾದ ಮೂರು ಬೆಳಕುಗಳಿದ್ದವು. ಆದಕಾರಣ ಗದ್ದೆಯಲ್ಲಿ ನೋಡಿದವರೆಲ್ಲರೂ ದೊಡ್ಡ ಮೂರು ಬೆಳಕುಗಳನ್ನೇ ಹೇಳಿದರು. ಚುಕ್ಕೆಗಳು ಎಷ್ಟಿದ್ದವು ಎಂದು ಕೇಳಿದರೆ ಒಬ್ಬರು ಹತ್ತು ಎಂದರು, ಇನ್ನೊಬ್ಬರು ನೂರಕ್ಕೆ ಕಡಿಮೆಯಿಲ್ಲ ಎಂದು ಪಟ್ಟು ಹಿಡಿದರು. ಜನರೇಟರ್ ಪಕ್ಕದಲ್ಲೇ ನಿಂತಿದ್ದ ಯುವಕನೊಬ್ಬನಿಗೆ ಆಕಾಶದಿಂದ ಗುಂಯ್ ಎಂಬ ಸದ್ದು ಕೇಳಿಸಿತ್ತು. ಹೊತ್ತು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಕೊನೆಗೆ ನನಗೆ ಉಪಕಾರವಾದದ್ದು ಗದ್ದೆಯ ಅಂಚಿನಲ್ಲಿ ಚರುಮುರಿ ಮಾರುತ್ತಿದ್ದ ಒಬ್ಬ ಹೆಂಗಸಿನಿಂದ. ಆಕೆ ವಿಡಿಯೊ ನೋಡಿರಲಿಲ್ಲ, ಗುಂಪಿನಲ್ಲಿ ಕುಳಿತು ಚರ್ಚೆಯನ್ನೂ ಮಾಡಿರಲಿಲ್ಲ. ಗಿರಾಕಿಯೊಬ್ಬ ಫೋನಿನಲ್ಲಿ ಹಣ ಕಳುಹಿಸಿದ್ದಾನೆ, ಮೇಜಿನ ಮೇಲಿನ ಪೆಟ್ಟಿಗೆ ಹಣ ಬಂತೆಂದು ಹೇಳಿದೆ, ಅಷ್ಟರಲ್ಲಿ ಕೂಗು ಕೇಳಿ ಅವನು ಪೊಟ್ಟಣವನ್ನೂ ತೆಗೆದುಕೊಳ್ಳದೆ ಓಡಿಹೋಗಿದ್ದಾನೆ. ಆಕೆಗೆ ಆ ಪೊಟ್ಟಣದ ಚಿಂತೆಯೇ ಹೆಚ್ಚಾಗಿತ್ತು. ನಾನು ಆಕೆಯ ಫೋನನ್ನು ಕೇಳಿ ಪಡೆದು ನೋಡಿದೆ. ಇಪ್ಪತ್ತು ರೂಪಾಯಿ, ಸಂಜೆ 7 ಗಂಟೆ 14 ನಿಮಿಷ. ಆಮೇಲೆ ಆಕೆ ತಾನು ನಿಂತಿದ್ದ ಜಾಗದಲ್ಲೇ ನಿಂತು, ಬೇಲಿಯಾಚೆಯ ತಾಳೆಮರವನ್ನು ತೋರಿಸಿ, "ಅದರ ತಲೆಗಿಂತ ಒಂದು ಗೇಣು ಮೇಲೆ ಬಂದದ್ದೇ ತಡ, ಒಂದೊಂದಾಗಿ ಆರಿಹೋದವು, ಎಲ್ಲವೂ ಅದೇ ಜಾಗದಲ್ಲಿ" ಎಂದು ಹೇಳಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಹೊತ್ತು, ದಿಕ್ಕು, ಎತ್ತರ ಮೂರೂ ಒಬ್ಬರ ಬಾಯಿಂದಲೇ ಸಿಕ್ಕಿದವು. ದಿಕ್ಸೂಚಿ ಹಿಡಿದು ನೋಡಿದರೆ ತಾಳೆಮರ ಸರಿಯಾಗಿ ಈಶಾನ್ಯದಲ್ಲಿತ್ತು. ಮನೆಗೆ ಬಂದು ಉಪಗ್ರಹಗಳ ಪಥ ತೋರಿಸುವ ತಂತ್ರಾಂಶದಲ್ಲಿ ಆ ದಿನಾಂಕ, ಆ ನಿಮಿಷ ಹಾಕಿದ್ದೇ ತಡ, ಉತ್ತರ ಸಿಕ್ಕಿತು. ಆಗಷ್ಟೇ ಹಾರಿಬಿಟ್ಟಿದ್ದ, ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಒಂದು ಗುಂಪು ನೈಋತ್ಯದಿಂದ ಈಶಾನ್ಯಕ್ಕೆ ನಮ್ಮ ತಲೆಯ ಮೇಲೆಯೇ ದಾಟಿತ್ತು. ಅವುಗಳ ಸಂಖ್ಯೆ ಎರಡು ಡಜನ್ನಿಗೂ ಕಡಿಮೆ.

ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಇಂತಹ 60 ಉಪಗ್ರಹಗಳನ್ನು ಮೇಲಕ್ಕೆ ಕಳುಹಿಸಿದಾಗಿನಿಂದ ಈ ಸಾಲು ಜಗತ್ತಿನಾದ್ಯಂತ ಜನರನ್ನು ಬೆರಗುಗೊಳಿಸುತ್ತಿದೆ. ಹಾರಿಸಿದ ಮೊದಲ ಕೆಲವು ದಿನ ಅವು ಕೆಳಗಿನ ಕಕ್ಷೆಯಲ್ಲಿ ಒತ್ತೊತ್ತಾಗಿ ಸಾಗುತ್ತವೆ, ಕ್ರಮೇಣ ಇನ್ನಷ್ಟು ಎತ್ತರಕ್ಕೇರಿ ಚದುರಿಹೋಗುತ್ತವೆ. ಅವುಗಳಿಗೆ ಸ್ವಂತ ದೀಪವಿಲ್ಲ. ನಮಗೆ ಸೂರ್ಯ ಮುಳುಗಿ ಒಂದು ಗಂಟೆಯಾಗಿದ್ದರೂ ಮುನ್ನೂರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲಿನಲ್ಲಿ ಅವು ಹೊಳೆಯುತ್ತವೆ. ಪೂರ್ವದ ಕಡೆ ಸಾಗಿ ಭೂಮಿಯ ನೆರಳನ್ನು ಹೊಕ್ಕ ಕೂಡಲೇ, ಒಂದರ ಹಿಂದೆ ಒಂದು, ಒಂದೇ ಜಾಗದಲ್ಲಿ ಆರಿಹೋಗುತ್ತವೆ. ಚರುಮುರಿಯವರು ಕಂಡದ್ದು ಅದನ್ನೇ. ಗದ್ದೆಯಲ್ಲಿದ್ದ ಉಳಿದವರೂ ಅದನ್ನೇ ಕಂಡಿದ್ದರು, ಆದರೆ ವಿಡಿಯೊ ನೋಡಿದ ಮೇಲೆ ಅವರಿಗೆ ನೆನಪಿನಲ್ಲಿ ಉಳಿದದ್ದು ವಿಡಿಯೊ.

ಈ ಕತೆಗೇ ನನ್ನ ಸಮಯದ ಬಹುಪಾಲು ಹೋಯಿತೆಂದು ಸ್ಟುಡಿಯೊದ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1997ರ ಮಾರ್ಚ್ 13ರ ರಾತ್ರಿ ಸಾವಿರಾರು ಜನ ಬೆಳಕುಗಳನ್ನು ಕಂಡರು. ಎಂಟೂವರೆಯ ಸುಮಾರಿಗೆ ಹಾದುಹೋದ ಬಾಣದ ಆಕಾರದ ಬೆಳಕುಗಳನ್ನು ಮನೆಯಂಗಳದಿಂದ ದೂರದರ್ಶಕದಲ್ಲಿ ನೋಡಿದ ಒಬ್ಬ ಹವ್ಯಾಸಿ ಅವು ವಿಮಾನಗಳೆಂದು ಹೇಳಿದ. ಹತ್ತು ಗಂಟೆಯ ಸುಮಾರಿಗೆ ಕಂಡವು ಸೇನಾ ತರಬೇತಿಯಲ್ಲಿ ವಿಮಾನಗಳಿಂದ ಪ್ಯಾರಾಶೂಟಿನಲ್ಲಿ ಇಳಿಬಿಟ್ಟ ಉರಿಯುವ ದೀಪಗಳು. ಅವು ದೂರದ ಬೆಟ್ಟಸಾಲಿನ ಹಿಂದೆ ಇಳಿದಂತೆ ಒಂದೊಂದಾಗಿ ಮರೆಯಾದವು. ಜನರ ಬಾಯಲ್ಲಿ ಈ ಎರಡೂ ಸೇರಿ ಒಂದೇ ಮಹಾ ನೌಕೆಯಾಯಿತು. ಹೊತ್ತು ಬರೆದಿಟ್ಟಿದ್ದರೆ ಎರಡು ಒಂದಾಗುತ್ತಿತ್ತೇ?

ನಮ್ಮ ದೇಶದಲ್ಲೇ 2022ರ ಡಿಸೆಂಬರ್ 15ರ ಸಂಜೆ ಬಂಗಾಳದ ಜನ ಕಂಡ ವಿಚಿತ್ರ ಬೆಳಕು ಒಡಿಶಾದ ಕರಾವಳಿಯಿಂದ ಹಾರಿಸಿದ ಅಗ್ನಿ-5 ಕ್ಷಿಪಣಿಯದು. ಹಾರಿಸಿದ ಹೊತ್ತೂ ಕಂಡ ಹೊತ್ತೂ ಕೂಡಿಬಂದುದರಿಂದ ಒಂದೇ ರಾತ್ರಿಯಲ್ಲಿ ಗುಟ್ಟು ಬಯಲಾಯಿತು.

ಕಾಸರಗೋಡಿನವರಿಗೆ ವಿಶೇಷವಾಗಿ ಎರಡು ಮಾತು. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕಣ್ಣೂರು, ಎರಡು ವಿಮಾನ ನಿಲ್ದಾಣಗಳ ನಡುವೆ ನಾವಿದ್ದೇವೆ. ನೇರವಾಗಿ ನಮ್ಮ ಕಡೆಗೇ ಬರುವ ವಿಮಾನದ ಮುಂದೀಪ ಹಲವು ನಿಮಿಷ ಕದಲದೆ ನಿಂತಂತೆ ಕಂಡು, ವಿಮಾನ ತಿರುಗಿದೊಡನೆ ಆರಿದಂತೆ ಕಾಣುತ್ತದೆ. ಸುಮಾರು ಸಾವಿರ ಅಡಿ ಎತ್ತರದ ಪೊಸಡಿಗುಂಪೆಯಂತಹ ಗುಡ್ಡದಿಂದ ಸಮುದ್ರದ ಮೇಲೆ 60 ಕಿಲೋಮೀಟರ್ ದೂರದವರೆಗೆ ದೃಷ್ಟಿ ಹರಿಯುತ್ತದೆ. ಮಂಜು ಮುಸುಕಿ ಕಡಲು ಯಾವುದು ಬಾನು ಯಾವುದು ಎಂದು ತಿಳಿಯದಾದಾಗ ಮೀನುಗಾರಿಕೆಯ ಬೋಟುಗಳ ದೀಪಗಳು ಆಕಾಶದಲ್ಲೇ ತೂಗುತ್ತಿರುವಂತೆ ಕಾಣುತ್ತವೆ. ಎತ್ತರ ಬರೆದಿದ್ದರೆ ಇವುಗಳನ್ನು ಗುರುತಿಸಲು ಒಂದು ನಿಮಿಷ ಸಾಕು, ಏಕೆಂದರೆ ಬೋಟು ದಿಗಂತ ಬಿಟ್ಟು ಮೇಲೇರುವುದಿಲ್ಲ.

ಎತ್ತರ ಅಳೆಯುವುದಕ್ಕೆ ಯಾವ ಉಪಕರಣವೂ ಬೇಡ. ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ನೆತ್ತಿಯವರೆಗೆ ಒಂಬತ್ತು ಮುಷ್ಟಿ. ಬೆಳಕು ಎಷ್ಟನೆಯ ಮುಷ್ಟಿಯಲ್ಲಿತ್ತು ಎಂದು ಬರೆಯಿರಿ. ದಿಕ್ಕು ತಿಳಿಯದಿದ್ದರೆ ಯಾವ ಮರದ, ಯಾವ ಕಂಬದ ಮೇಲಿತ್ತು ಎಂದು ಬರೆದು, ನೀವು ನಿಂತ ಜಾಗದಲ್ಲಿ ಒಂದು ಕಲ್ಲಿಡಿ. ಹಗಲಿನಲ್ಲಿ ಬಂದು ನೋಡಿದರಾಯಿತು. ವಿಡಿಯೊ ತೆಗೆಯಬಾರದೆಂದು ನಾನು ಹೇಳುವುದಿಲ್ಲ, ಆದರೆ ಕರಿಯ ಪರದೆಯ ಮೇಲೆ ನಡುಗುವ ಒಂದು ಬಿಳಿ ಚುಕ್ಕೆಯನ್ನು ಕಳುಹಿಸಿ ಇದೇನೆಂದು ಕೇಳಬೇಡಿ. ತೆಗೆಯುವುದಾದರೆ ಮನೆಯ ಮಾಡೋ ತೆಂಗಿನ ಮರವೋ ಚೌಕಟ್ಟಿನೊಳಗೆ ಬರಲಿ.

ಕೊನೆಯದಾಗಿ, ಉರಿಯುತ್ತ ಚೂರುಚೂರಾಗಿ ನಿಧಾನವಾಗಿ ಸಾಗುವ ಬೆಳಕು ಕಂಡರೆ ಅದು ಹೆಚ್ಚಾಗಿ ಭೂಮಿಗೆ ಮರಳುತ್ತಿರುವ ರಾಕೆಟ್ಟಿನ ಇಲ್ಲವೇ ಉಪಗ್ರಹದ ಭಾಗವಾಗಿರುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದಲ್ಲಿ ಹಾಗೆ ಕಂಡಾಗ ಚಂದ್ರಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ವ್ಯಾಸದ ಲೋಹದ ಉಂಗುರವೇ ಬಿದ್ದಿತ್ತು. ನಿಮ್ಮ ತೋಟದಲ್ಲಿ ಅಂಥದ್ದೇನಾದರೂ ಬಿದ್ದರೆ ಮುಟ್ಟಬೇಡಿ, ಗುಜರಿಗೆ ಮಾರಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ತಿಳಿಸುವಾಗ ಎಷ್ಟು ಗಂಟೆಗೆ ಬಿತ್ತೆಂದು ಅವರೂ ಕೇಳುತ್ತಾರೆ. ನಮಸ್ಕಾರ.