ತಡವಾಗಿ ಕೇಳಿದ ಬಡ್ತಿ

ಕೇಳುಗರಿಗೆ ನಮಸ್ಕಾರ.

"ರಿಟೈರ್ ಆಗಿ ಇಷ್ಟು ವರ್ಷ ಆಯ್ತು. ಈಗ ಪ್ರಮೋಷನ್ ತಗೊಂಡು ಏನು ಮಾಡ್ತಾರಂತೆ?" ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ತಪ್ಪಿಹೋದ ಬಡ್ತಿ ಕೇಳಿ ಹಾಕಿದ ಅರ್ಜಿಯ ಸುದ್ದಿ ಪುಣೆಯ ಖಡಕಿಯ ನಮ್ಮ ಓಣಿಯಲ್ಲಿ ಹಬ್ಬಿದಾಗ ನಾನು ಜಾಸ್ತಿ ಕೇಳಿದ ಮಾತು ಇದು. ಕೇಳಿದವರು ಕೆಟ್ಟವರಲ್ಲ. ಅವರಿಗೆ ವಿಷಯ ಗೊತ್ತಿರಲಿಲ್ಲ, ಅಷ್ಟೇ. ಅದಕ್ಕೇ ಇವತ್ತು ಆ ಅರ್ಜಿಯ ಬಗ್ಗೆಯೇ ಮಾತಾಡುತ್ತೇನೆ.

ಈ ಹಿರಿಯರು ಬೈಲಹೊಂಗಲದ ಕಡೆಯವರು. ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದರು. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಅಂತ ಒಂದೊಂದೇ ಮೆಟ್ಟಿಲು ಹತ್ತಿ, ಹವಾಲ್ದಾರ್ ಆಗಿಯೇ ಪಿಂಚಣಿಗೆ ಬಂದರು. ಮಕ್ಕಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಇಲ್ಲೇ ನೆಲೆಸಿದರು. ನಾನು ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಅರ್ಜಿ ಬರೆಯಲು ಬರುತ್ತದೆ ಅಂತ ನನ್ನ ಹತ್ತಿರ ಬಂದರು.

ಹವಾಲ್ದಾರರು ಮುಂದಿನ ಮೆಟ್ಟಿಲಾದ ನಾಯಬ್ ಸುಬೇದಾರ್ ಆಗಲು ಬರೀ ಹಿರಿತನ ಸಾಲದು. ಕೇಡರ್ ಕೋರ್ಸ್, ಅಂದರೆ ಬಡ್ತಿಯ ತರಬೇತಿ, ಮುಗಿಸಿ ಅದರ ಪರೀಕ್ಷೆ ಪಾಸಾಗಿರಬೇಕು, ಮೆಡಿಕಲ್ ಕೆಟಗರಿ ಸರಿಯಿರಬೇಕು, ವರ್ಷದ ವರದಿ ಚೆನ್ನಾಗಿರಬೇಕು. ಇಷ್ಟಾದರೂ ಹುದ್ದೆ ಖಾಲಿಯಾಗುವವರೆಗೆ ಕಾಯಬೇಕು. ಇವರು ಪರೀಕ್ಷೆ ಪಾಸಾಗಿದ್ದರು. ಆದರೆ ಸೈನ್ಯದಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಕೋರ್ಸ್ ಮುಗಿಯಲಿ, ಅದು ಪಾರ್ಟ್ ಟೂ ಆರ್ಡರ್ ಎನ್ನುವ ನಮೂದಿನ ಕಾಗದವಾಗಿ ಹೊರಟು, ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸ್ ಮುಟ್ಟಬೇಕು. ಮುಟ್ಟದಿದ್ದರೆ ಕಾಗದದ ಮಟ್ಟಿಗೆ ಅದು ನಡೆದೇ ಇಲ್ಲ. ಪರೀಕ್ಷೆಯ ಬೆನ್ನಲ್ಲೇ ಇವರಿಗೆ ಬೇರೆ ಕಡೆ ಪೋಸ್ಟಿಂಗ್ ಬಂತು. ಆ ಗಡಿಬಿಡಿಯಲ್ಲಿ ಫಲಿತಾಂಶದ ನಮೂದು ಎಲ್ಲೋ ಉಳಿದುಹೋಯಿತು. ಕಿರಿಯರೊಬ್ಬರು ನಾಯಬ್ ಸುಬೇದಾರ್ ಆದರು, ಮುಂದೆ ಸುಬೇದಾರ್ ಕೂಡ ಆದರು. ಇವರು ಮಾತ್ರ ಹುದ್ದೆ ಖಾಲಿಯಿಲ್ಲ ಅಂದುಕೊಂಡು ಸುಮ್ನೆ ಇದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಮಾಹಿತಿ ಹಕ್ಕಿನಲ್ಲಿ ಸೇವಾ ದಾಖಲೆಯ ಪ್ರತಿ ತರಿಸಿದರು. ಅದರಲ್ಲಿ ಆ ಕೋರ್ಸೇ ಇರಲಿಲ್ಲ.

ಆಗಲೇ ಕೇಳಬಹುದಿತ್ತಲ್ಲ ಅನ್ನುತ್ತಾರೆ. 1950ರ ಸೇನಾ ಕಾಯ್ದೆಯ 26ನೇ ಕಲಂ ಸಿಪಾಯಿಗೂ ದೂರು ಕೊಡುವ ಹಕ್ಕು ಕೊಟ್ಟಿದೆ, ನಿಜ. ಆದರೆ ತಪ್ಪು ಎಲ್ಲಾಗಿದೆ ಎಂದೇ ಗೊತ್ತಿಲ್ಲದವರು ಏನಂತ ದೂರು ಕೊಡಬೇಕು? ಹುಕುಂ ಪಾಲಿಸುವುದನ್ನೇ ಕಲಿತವರಿಗೆ "ನನಗ್ಯಾಕೆ ಕೊಡಲಿಲ್ಲ" ಎಂದು ಕೇಳುವುದೂ ಸುಲಭವಲ್ಲ.

ಅವರ ಹತ್ತಿರ ಇದ್ದ ಪುರಾವೆ ಒಂದು ಗ್ರೂಪ್ ಫೋಟೋ. ಕೋರ್ಸ್ ಮುಗಿದ ದಿನ ತೆಗೆದದ್ದು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಅಧಿಕಾರಿಗಳು, ಹಿಂದೆ ನಿಂತವರು ಹವಾಲ್ದಾರರು. ಕೆಳಗೆ ಸಾಲು ಸಾಲಾಗಿ ಹೆಸರು ಅಚ್ಚಾಗಿದೆ. ಮೇಲೆ ಕೋರ್ಸಿನ ಹೆಸರು, ತಾರೀಖು. ಬಲಗಡೆ ಗೆದ್ದಲು ತಿಂದು ಎರಡು ಮುಖ ಹೋಗಿವೆ. ಇವರ ಮುಖ ಉಳಿದಿದೆ, ಹೆಸರೂ ಉಳಿದಿದೆ.

ಈ ಒಂದು ಮೆಟ್ಟಿಲಿನಲ್ಲಿ ಏನಿದೆ ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ. ಹವಾಲ್ದಾರರಿಗೆ ತೋಳಿನ ಮೇಲೆ ಮೂರು ಪಟ್ಟಿ. ನಾಯಬ್ ಸುಬೇದಾರ್ ಆದರೆ ಭುಜದ ಮೇಲೆ ನಕ್ಷತ್ರ ಬರುತ್ತದೆ, ಊಟದ ಮೆಸ್ ಬೇರೆಯಾಗುತ್ತದೆ, ಎಲ್ಲರೂ "ಸಾಬ್" ಅನ್ನುತ್ತಾರೆ. ನಿವೃತ್ತಿಯ ಮೇಲೂ ಆ ವ್ಯತ್ಯಾಸ ಹೋಗುವುದಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಆಸ್ಪತ್ರೆ ಸೇರಿದರೆ ಹವಾಲ್ದಾರರಿಗೆ ಜನರಲ್ ವಾರ್ಡ್, ನಾಯಬ್ ಸುಬೇದಾರರಿಗೆ ಸೆಮಿ ಪ್ರೈವೇಟ್. ಪಿಂಚಣಿ ಬೇರೆ. ನಾಳೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯೂ ಬೇರೆ. ಊರಿಗೆ ಹೋದರೆ ಸುಬೇದಾರರ ಮನೆ ಯಾವುದು ಎಂದು ಕೇಳಿದರೆ ಸಾಕು, ಚಿಕ್ಕ ಹುಡುಗರೂ ತೋರಿಸುತ್ತಾರೆ.

ತಡವಾಗಿ ಬಡ್ತಿ ಕೊಡುವುದು ನಮ್ಮ ಸೈನ್ಯಕ್ಕೆ ಹೊಸದೇನಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. 1949ರ ಜನವರಿ 15ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಕೊಟ್ಟದ್ದು 1986ರಲ್ಲಿ. ನಡುವೆ 33 ವರ್ಷ! ಆಗ ಅವರಿಗೆ 87. ಆ ವಯಸ್ಸಿನಲ್ಲಿ ಪದವಿ ಯಾಕೆ ಅಂತ ಯಾರೂ ಕೇಳಲಿಲ್ಲ, ಇಡೀ ನಾಡು ಹೆಮ್ಮೆಪಟ್ಟಿತು. ಸೇನಾ ಮುಖ್ಯಸ್ಥರಾಗಿದ್ದ ಮಾಣೆಕ್ ಷಾ ಅವರಿಗೆ ಅದೇ ಪದವಿ 1973ರಲ್ಲೇ ಬಂತು, ಅದಕ್ಕೆ ತಕ್ಕ ಸಂಬಳದ ಬಾಕಿ ಕೈಸೇರಿದ್ದು 2007ರಲ್ಲಿ. ಅಷ್ಟು ದೊಡ್ಡವರ ಕಡತವೇ ಹೀಗೆ ನಡೆದರೆ ಹವಾಲ್ದಾರರ ಕಾಗದಕ್ಕೆ ಇನ್ನೆಷ್ಟು ದಿನ ಬೇಕು, ಅಲ್ವಾ?

ಕಾನೂನು ಇದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. 2008ರಲ್ಲಿ ಸೈನಿಕರೊಬ್ಬರ ಪಿಂಚಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ. ಪಿಂಚಣಿಯ ನಷ್ಟ ತಿಂಗಳು ತಿಂಗಳೂ ಆಗುವಂಥದ್ದು, ಹಾಗಾಗಿ ತಡವಾದರೂ ಕೇಳಬಹುದು. ಬಾಕಿ ಮಾತ್ರ ಸಾಮಾನ್ಯವಾಗಿ ಹಿಂದಿನ 3 ವರ್ಷದ್ದು ಸಿಗುತ್ತದೆ. ಹಿರಿತನ, ಬಡ್ತಿಯಂಥ ವಿಷಯದಲ್ಲಿ ಹಾಗಲ್ಲ. ಅಲ್ಲಿ ಬೇರೆಯವರ ಹಕ್ಕಿಗೂ ಪೆಟ್ಟು ಬೀಳುತ್ತದೆ, ಆದ್ದರಿಂದ ತಡಮಾಡಿದವರ ಮಾತು ನಿಲ್ಲುವುದಿಲ್ಲ. ಇದು ನ್ಯಾಯವಾದ ಮಾತೇ. ಹತ್ತಾರು ವರ್ಷದ ಹಿಂದಿನ ಸೀನಿಯಾರಿಟಿ ಪಟ್ಟಿಯನ್ನು ಈಗ ಕಲಕಿದರೆ ಎಷ್ಟು ಜನರ ಬಾಳು ಏರುಪೇರಾದೀತು!

ಆದರೆ ನಮ್ಮ ಅರ್ಜಿ ಯಾರ ಪಟ್ಟಿಯನ್ನೂ ಕಲಕುವುದಿಲ್ಲ. ನಾವು ಕೇಳಿದ್ದು ನೋಷನಲ್ ಪ್ರಮೋಷನ್. ಅಂದರೆ ಅರ್ಹತೆ ಇದ್ದ ದಿನದಿಂದ ಕಾಗದದ ಮೇಲೆ ಬಡ್ತಿ ಕೊಟ್ಟು, ಪಿಂಚಣಿಯನ್ನು ಆ ದರ್ಜೆಗೆ ಸರಿಪಡಿಸುವುದು. ಮಾಡದ ಕೆಲಸದ ಸಂಬಳ ಅವರಿಗೆ ಬೇಡ. ಗೌರವ ನಾಯಬ್ ಸುಬೇದಾರ್ ಎನ್ನುವ ಪದವಿಯೂ ಇದೆಯಲ್ಲ, ಕೊನೆಗೆ ಅದನ್ನಾದರೂ ಕೇಳೋಣವೇ ಅಂದೆ. ಅವರು ಒಪ್ಪಲಿಲ್ಲ. "ಗೌರವಕ್ಕಂತ ಕೊಡೂದು ಬ್ಯಾಡ್ರಿ. ನಾ ಪಾಸಾಗಿದ್ದೆ, ಅದು ಖರೇ ಅಂತ ಬರೀಲಿ" ಅಂದರು. ಆಮೇಲೆ ನಾನು ಒತ್ತಾಯ ಮಾಡಲಿಲ್ಲ.

ಇನ್ನೊಂದು ಕಾಗದದ ವಿಷಯ ಹೇಳಲೇಬೇಕು. ಇವರನ್ನು ದಾಟಿ ಮುಂದೆ ಹೋದ ಆ ಕಿರಿಯರು ಈಗ ಕೊಲ್ಹಾಪುರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಸುಬೇದಾರ್ ಆಗಿ ನಿವೃತ್ತರಾದವರು. ಅದೇ ಫೋಟೋದಲ್ಲಿ ಇವರ ಪಕ್ಕದಲ್ಲೇ ನಿಂತಿದ್ದಾರೆ. ಫೋನ್ ಮಾಡಿ ವಿಷಯ ತಿಳಿಸಿದೆವು. ಅವರು ತಾವಾಗಿಯೇ ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ ಕಳಿಸಿದರು. ಇಬ್ಬರೂ ಒಟ್ಟಿಗೆ ಪಾಸಾದೆವು, ಹಿರಿತನದಲ್ಲಿ ಇವರೇ ಮುಂದಿದ್ದರು, ಇವರಿಗೆ ಬಡ್ತಿ ಕೊಟ್ಟರೆ ನನ್ನದೇನೂ ತಕರಾರಿಲ್ಲ ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿದ್ದಾರೆ.

ಅರ್ಜಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದೆ, ಮುಟ್ಟಿದ ರಸೀದಿಯೂ ಬಂದಿದೆ. ಉತ್ತರ ಬಂದಿಲ್ಲ. ಆಗುವುದಿಲ್ಲ ಎಂದು ಬಂದರೆ ಮುಂದಿನ ದಾರಿ ಮುಂಬೈ. 2007ರ ಕಾಯ್ದೆಯಂತೆ ಶುರುವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಅಲ್ಲಿದೆ. ಅಂತಿಮ ಆದೇಶವಾದ 6 ತಿಂಗಳೊಳಗೆ ಹೋಗಬೇಕು, ತಡವಾದರೆ ಕಾರಣ ಹೇಳಿ ಮನ್ನಿಸಿ ಎಂದು ಕೇಳಬಹುದು. ತಡವಾದದ್ದಕ್ಕೆ ಕಾರಣ ನಮ್ಮಲ್ಲಿದೆ, ಫೋಟೋ ಇದೆ. ಬೇರೆಯವರ ಹಕ್ಕಿನ ಪ್ರಶ್ನೆ ಬಂದರೆ, ಆ ಸುಬೇದಾರರ ಅಫಿಡವಿಟ್ಟನ್ನೇ ಎಲ್ಲಕ್ಕಿಂತ ಮೇಲೆ ಇಟ್ಟು ಕೊಡುತ್ತೇವೆ. ನಮಸ್ಕಾರ.