ಮೂಳೆ ಬೆಳೆಯಲು ಬೇಕು ಕಿಂಡಿ

ಕೇಳುಗರಿಗೆ ನಮಸ್ಕಾರ.

ಮೂಳೆ ಬರೀ ಮುರಿದರೆ ಕೂಡಿಕೊಳ್ಳುತ್ತದೆ. ಅಪಘಾತದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಚೂರೇ ಹಾರಿಹೋದರೆ? ಆ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ, ಮೂಳೆಯಲ್ಲ. ಅದಕ್ಕೇ ಅಲ್ಲೊಂದು ಆಧಾರ ಕೂರಿಸುತ್ತಾರೆ. ಹೆಸರು ಸ್ಕ್ಯಾಫೋಲ್ಡ್. ಮನೆ ಕಟ್ಟುವವರ ಸಾರುವೆ ಇದ್ದ ಹಾಗೆ. ಬಿಚ್ಚುವ ಕೆಲಸ ಮಾತ್ರ ದೇಹದ್ದು, ಮೂಳೆ ಬೆಳೆದ ಹಾಗೆ ಅದನ್ನು ಕರಗಿಸಿಕೊಳ್ಳುತ್ತದೆ.

"ಎಷ್ಟು ಗಟ್ಟಿ ಇದೆ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಲ್ಲ ಸ್ವಾಮಿ, ಕಿಂಡಿ ಇದೆಯೇ, ಒಂದು ಕಿಂಡಿಯಿಂದ ಇನ್ನೊಂದಕ್ಕೆ ದಾರಿ ಇದೆಯೇ ಅಂತ ಕೇಳಿ! ರಕ್ತನಾಳದಿಂದ 0.2 ಮಿಲಿಮೀಟರಿಗಿಂತ ದೂರ ಉಳಿದ ಜೀವಕೋಶಕ್ಕೆ ಆಮ್ಲಜನಕ ಸಿಗದು, ಸಾಯುತ್ತದೆ. ನಾಳ ಒಳಗೆ ಇಳಿಯಲು 0.3 ಮಿಲಿಮೀಟರಿನಷ್ಟಾದರೂ ಕಿಂಡಿ ಬೇಕು. ಚಿರೋಟಿ ರವೆಯ ಒಂದು ಕಾಳು ನುಸುಳುವಷ್ಟು.

ಇಂಥ ಸಾವಿರಾರು ಕಿಂಡಿ ಕೊರೆಯುವವರು ಯಾರು? 1970ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಕೊರೆಯುವ ಗೋಜಿಗೇ ಹೋಗಲಿಲ್ಲ. ಸಮುದ್ರದ ಹವಳ ತಂದರು. ಗೋನಿಯೊಪೊರ ಎಂಬ ಜಾತಿಯಲ್ಲಿ ಸುಮಾರು 0.5 ಮಿಲಿಮೀಟರಿನ ಕಿಂಡಿಗಳು, ಒಂದಕ್ಕೊಂದು ಕೂಡಿಕೊಂಡಿರುವಂಥವು. ಪುಟ್ಟ ಜೀವಿ ತನಗೆಂದು ಕಟ್ಟಿಕೊಂಡ ಮನೆ, ಒಳಗಿನ ವಿನ್ಯಾಸ ನಮ್ಮ ಮೂಳೆಯದೇ! ತೊಡಕು ಒಂದೇ: ಹವಳವೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ದೇಹದೊಳಗೆ ಬೇಗ ಕರಗುತ್ತದೆ. ಡೆಲ್ಲಾ ರಾಯ್ ಮತ್ತು ಸಹೋದ್ಯೋಗಿ ಅದನ್ನು ಅಮೋನಿಯಂ ಫಾಸ್ಫೇಟ್ ದ್ರಾವಣದೊಂದಿಗೆ ಭಾರೀ ಒತ್ತಡದಲ್ಲಿ, ಸುಮಾರು 260 ಡಿಗ್ರಿಗೆ ಕಾಯಿಸಿದರು. ಪ್ರೆಶರ್ ಕುಕ್ಕರಿನ ದೊಡ್ಡಣ್ಣ ಅನ್ನಿ. ಕಾರ್ಬೊನೇಟ್ ಹೋಗಿ ಫಾಸ್ಫೇಟ್ ಬಂತು. ಹವಳವು ಹೈಡ್ರಾಕ್ಸಿಅಪಟೈಟ್ ಆಯಿತು, ಅಂದರೆ ನಮ್ಮ ಮೂಳೆಯ ಖನಿಜ. ಗೋಡೆ ಬದಲಾಯಿತು, ಕಿಂಡಿ ಇದ್ದ ಹಾಗೇ ಉಳಿಯಿತು. 1974ರಲ್ಲಿ ಪ್ರಕಟವಾಯಿತು. ಹಾಗಂತ ನೇತ್ರಾಣಿ ದ್ವೀಪಕ್ಕೆ ಹೋದವರು ಹವಳ ಮುರಿದು ತಂದೀರಿ, ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಹವಳವೇ ಬೇಕೆಂದಿಲ್ಲ, ಸ್ಪಂಜಾದರೂ ಸಾಕು. ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಪಾಲಿಯುರಿಥೇನ್ ಸ್ಪಂಜು ಅದ್ದಿ, ಹಿಂಡಿ, ಒಣಗಿಸಿ ಕುಲುಮೆಗಿಡುವುದು. ಸ್ಪಂಜು ಉರಿದುಹೋಗುತ್ತದೆ, ಅದರ ಆಕಾರದ ಗೋಡೆ ಉಳಿಯುತ್ತದೆ. 600 ಡಿಗ್ರಿವರೆಗೆ ನಿಮಿಷಕ್ಕೆ ಒಂದೇ ಡಿಗ್ರಿ ಏರಿಸಬೇಕು. ಅವಸರ ಮಾಡಿದರೆ ಸ್ಪಂಜು ಉರಿದ ಅನಿಲ ಒಮ್ಮೆಲೇ ನುಗ್ಗಿ ಗೋಡೆ ಬಿರಿಯುತ್ತದೆ. ಆಮೇಲೆ ಗೋಡೆ ಗಟ್ಟಿಯಾಗಲು 1250 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ಕಿಂಡಿ ಕಟ್ಟಿಕೊಂಡಿತು, ಅಷ್ಟೂ ಕೆಲಸ ದಂಡ. ಮೇಲೆ ಒಂದು ಹನಿ ಶಾಯಿ ಬಿಟ್ಟು ನೋಡಬೇಕು, ಕೆಳಗಿಳಿಯದಿದ್ದರೆ ಬಿಸಾಡಬೇಕು.

ಹೈಡ್ರಾಕ್ಸಿಅಪಟೈಟ್ ಒಂದೇ ಆದರೆ ವರ್ಷಗಟ್ಟಲೆ ಕರಗದೆ ಕೂರುತ್ತದೆ, ಅದಕ್ಕೆ ಬೇಗ ಕರಗುವ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸುತ್ತಾರೆ. ಸಮಯವಾಯಿತು, ಗಟ್ಟಿತನದ ಮಾತು ಒಂದೇ ವಾಕ್ಯದಲ್ಲಿ: ಇಷ್ಟು ಕಿಂಡಿಯಿರುವುದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ, ಮೈಭಾರ ಹೊರುವುದು ಪಕ್ಕದ ಲೋಹದ ಪ್ಲೇಟು. ಕಾಲೂರಬೇಡಿ ಅಂತ ಡಾಕ್ಟರು ಹೇಳಿದ್ದರೆ ದಯವಿಟ್ಟು ಊರಬೇಡಿ. ನಮಸ್ಕಾರ.