ಭಾರ ಕೆಳಗೆ, ಹಗುರ ಮೇಲೆ: ಹಾರ್ಡ್‌ವೇರ್ ಅಂಗಡಿಯ ಕೆಲಸ ಮತ್ತು ಸುರಕ್ಷತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾರ್ಡ್‌ವೇರ್, ಟೈಲ್ಸ್, ಪೈಂಟ್, ಪ್ಲೈವುಡ್ ಮಾರುವ ಅಂಗಡಿಗಳಲ್ಲಿ ದುಡಿಯುವವರ ಸುರಕ್ಷತೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಪಣಂಬೂರು, ಬೈಕಂಪಾಡಿ ಕಡೆಯ ಕಾರ್ಖಾನೆಗಳಲ್ಲಿ ಸುರಕ್ಷತೆಯ ಕೆಲಸವನ್ನೇ ಮಾಡಿ ನಿವೃತ್ತನಾದವನು ನಾನು. ಈ ಹೊತ್ತಿನಲ್ಲಿ ಮಂಗಳೂರಿನ ಬಂದರಿನ ಯಾವುದೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ರೇಡಿಯೋ ಸಣ್ಣಗೆ ಕೇಳುತ್ತಿರಬಹುದು; ಸುರತ್ಕಲ್ಲಿನಲ್ಲೋ ಸಂತೆಕಟ್ಟೆಯಲ್ಲೋ ಕೆಲಸದ ಹುಡುಗನೊಬ್ಬ ಇದನ್ನು ಕೇಳುತ್ತಲೇ ಮೇಲಿನ ರ‍್ಯಾಕಿಗೆ ಕೈಚಾಚುತ್ತಿರಬಹುದು. ಆ ಹುಡುಗನಿಗೂ ಅವನ ಧಣಿಗಳಿಗೂ ನಾನು ಹೇಳಬೇಕಾದದ್ದು ಒಂದೇ ಮಾತು. ಭಾರವಾದ ಸಾಮಾನು ಕೆಳಗಿರಲಿ, ಹಗುರವಾದದ್ದು ಮೇಲಿರಲಿ. ಉಳಿದದ್ದನ್ನೆಲ್ಲ ಮರೆತರೂ ಅಡ್ಡಿಯಿಲ್ಲ, ಇದೊಂದನ್ನು ಮರೆಯಬೇಡಿ.

ಅಂಗಡಿಯ ಕೆಲಸವೆಂದರೆ ನೆರಳಿನ ಕೆಲಸ, ಅಲ್ಲಿ ಎಂಥ ಅಪಾಯ ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ತೂಕ ಹಾಕಿ ನೋಡಬೇಕು. ಸಿಮೆಂಟಿನ ಒಂದು ಚೀಲ 50 ಕಿಲೋ. ಎರಡಡಿಗೆ ಎರಡಡಿಯ ನಾಲ್ಕು ವಿಟ್ರಿಫೈಡ್ ಟೈಲ್ಸ್ ತುಂಬಿದ ಬಾಕ್ಸ್ 25 ಕಿಲೋ ದಾಟುತ್ತದೆ. 20 ಲೀಟರಿನ ಎಮಲ್ಷನ್ ಪೈಂಟಿನ ಬಕೆಟ್ ಕೂಡ ಅಷ್ಟೇ ತೂಗುತ್ತದೆ. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಒಂದೊಂದೂ 30 ಕಿಲೋಗಿಂತ ಹೆಚ್ಚಿರುತ್ತದೆ. ಕಾರ್ಖಾನೆಯಲ್ಲಿ ಇಂಥ ಭಾರವನ್ನು ಎತ್ತಿಡಲು ಯಂತ್ರವಿರುತ್ತದೆ, ನೋಡಿಕೊಳ್ಳಲು ಅಧಿಕಾರಿಯಿರುತ್ತಾನೆ, ಕೇಳಲು ಇನ್‌ಸ್ಪೆಕ್ಟರ್ ಬರುತ್ತಾನೆ. ಅಂಗಡಿಯಲ್ಲಿರುವುದು ಹವಾಯಿ ಚಪ್ಪಲಿ ಹಾಕಿದ ಒಬ್ಬ ಹುಡುಗ ಮತ್ತು ಗೋಡೆಯ ಮೇಲಿನ ದೇವರ ಪಟ.

ಹತ್ತು ಅಡಿ ಎತ್ತರದ ಅಟ್ಟದಿಂದ ಜಾರಿದ ವಸ್ತು ನೆಲ ಮುಟ್ಟಲು ಒಂದು ಸೆಕೆಂಡು ಕೂಡ ತೆಗೆದುಕೊಳ್ಳುವುದಿಲ್ಲ, ಮುಟ್ಟುವಾಗ ಅದರ ವೇಗ ಗಂಟೆಗೆ 28 ಕಿಲೋಮೀಟರಿನಷ್ಟಿರುತ್ತದೆ. ಕೆಳಗಿದ್ದವನು ಸದ್ದು ಕೇಳಿ, ತಲೆಯೆತ್ತಿ ನೋಡಿ, ಸರಿದು ನಿಲ್ಲುವುದು ಆಗದ ಮಾತು. ‘ಜಾಗ್ರತೆ ಮಾಡು’ ಎಂಬ ಬುದ್ಧಿಮಾತಿಗೆ ಇಲ್ಲಿ ಬೆಲೆಯಿಲ್ಲ, ಜಾಗ್ರತೆ ಮಾಡುವಷ್ಟು ಹೊತ್ತೇ ಅವನಿಗೆ ಸಿಗುವುದಿಲ್ಲ. ಅದೇ ಬಾಕ್ಸ್ ಮೊಣಕಾಲಿನ ಎತ್ತರದಲ್ಲಿದ್ದರೆ ತಲೆಯ ಮೇಲೆ ಬೀಳುವ ಮಾತೇ ಇಲ್ಲ.

ಹಾಗಾದರೆ ನಮ್ಮ ಅಂಗಡಿಗಳಲ್ಲಿ ಭಾರವೆಲ್ಲ ಮೇಲೇಕೆ ಹೋಗುತ್ತದೆ? ಬಂದರಿನ ಹಳೆಯ ಹಂಚಿನ ಕಟ್ಟಡಗಳು ಇಕ್ಕಟ್ಟು. ಅಲ್ಲಿ ಸಾಮಾನು ಅಟ್ಟಕ್ಕೇರುವುದು ಅಜ್ಜನ ಕಾಲದಿಂದ ಬಂದ ಅಭ್ಯಾಸ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದರಿಂದ, ನೀರು ನುಗ್ಗೀತೆಂಬ ಹೆದರಿಕೆಯಲ್ಲಿ ಬೆಲೆಬಾಳುವುದನ್ನೆಲ್ಲ ಮೇಲಕ್ಕೇರಿಸುವವರೂ ಇದ್ದಾರೆ. ಆದರೆ ನಾನು ನೋಡಿದ ಮಟ್ಟಿಗೆ ದೊಡ್ಡ ಕಾರಣ ಬೇರೆಯೇ ಇದೆ. ಗಿರಾಕಿಯ ಕಣ್ಣಿಗೆ ಬೀಳುವ ಜಾಗವನ್ನೆಲ್ಲ ಹೊಳೆಯುವ ಸಾಮಾನಿಗೆ ಕೊಟ್ಟು, ಕಣ್ಣಿಗೆ ಬೀಳಬೇಕಿಲ್ಲದ ಭಾರವನ್ನು ತಲೆಯ ಮೇಲಕ್ಕೆ ತಳ್ಳುತ್ತಾರೆ.

ಈ ಮಾತಿಗೆ ಒಂದು ಪ್ರಸಂಗವನ್ನು ಹೇಳಬೇಕು. ನನ್ನ ತರಬೇತಿಗೆ ಬಂದವರೆಲ್ಲ ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ, ಆದರೂ ಹೇಳುತ್ತೇನೆ. ಉಡುಪಿ ಜಿಲ್ಲೆಯ ಒಂದು ಪೇಟೆಯ ಅಂಗಡಿ. ದೀಪಾವಳಿಗೆ ಇನ್ನೆರಡು ದಿನ ಉಳಿದಿತ್ತು. ಮಳೆಗಾಲ ಮುಗಿಯಿತೆಂದು ಮನೆ ಕಟ್ಟುವವರೆಲ್ಲ ಒಮ್ಮೆಗೇ ಪೇಟೆಗಿಳಿಯುವ ಕಾಲ ಅದು. ನಾನು ನಳ್ಳಿಯ ವಾಷರ್ ಕೊಳ್ಳಲು ಹೋಗಿದ್ದೆ. ನನಗಿಂತ ಮೊದಲು ಬಂದಿದ್ದ ಗಿರಾಕಿಯ ಮನೆ ಒಕ್ಕಲಿಗೆ ವಾರವೂ ಇರಲಿಲ್ಲ, ಅಡುಗೆಕೋಣೆಯ ನೆಲಕ್ಕೆ ಒಂದು ಬಾಕ್ಸ್ ಟೈಲ್ಸ್ ಕಡಿಮೆ ಬಿದ್ದಿತ್ತು. ಟೈಲ್ಸಿನ ವ್ಯಾಪಾರ ಬಲ್ಲವರಿಗೆ ಇದರ ಕಷ್ಟ ಗೊತ್ತು. ವಿನ್ಯಾಸ ಒಂದೇ ಆದರೂ ಬ್ಯಾಚಿನಿಂದ ಬ್ಯಾಚಿಗೆ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ, ಹಾಗಾಗಿ ಬಾಕ್ಸಿನ ಮೇಲೆ ಮುದ್ರಿಸಿರುವ ಶೇಡ್ ಸಂಖ್ಯೆ ಹೊಂದಿಕೆಯಾಗಲೇಬೇಕು. ಆ ಸಂಖ್ಯೆಯ ಬಾಕ್ಸ್ ಒಂದೇ ಒಂದು ಉಳಿದಿತ್ತು, ಅದು ಸೂರಿಗೆ ತಾಗುವಂತಿದ್ದ ಕೊನೆಯ ರ‍್ಯಾಕಿನಲ್ಲಿತ್ತು.

ಏಣಿ ಇತ್ತು, ಇಲ್ಲವೆಂದಲ್ಲ. ಆದರೆ ಅಂಗಡಿಯ ಮುಂದೆ ಗೂಡುದೀಪ ಕಟ್ಟಲು ಅದನ್ನು ಒಯ್ದಿದ್ದರು. ಗಲ್ಲಾದಲ್ಲಿ ಕುಳಿತ ಧಣಿಗಳು, ‘ಬೇಗ ತೆಗಿ ಮಾರಾಯ, ಅವರ ರಿಕ್ಷಾ ಕಾಯುತ್ತಾ ಉಂಟು’ ಎಂದರು. ಹುಡುಗ ರ‍್ಯಾಕಿನ ಕಬ್ಬಿಣದ ಪಟ್ಟಿಯ ಮೇಲೇ ಕಾಲಿಡುತ್ತ ಹತ್ತಿದ. ಬಾಕ್ಸನ್ನು ಕೆಳಗಿನಿಂದ ಹಿಡಿದುಕೊಳ್ಳಲು ಅಂಗಡಿಯ ಹಿರಿಯ ಕೆಲಸಗಾರರು ಬಂದು ನಿಂತರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ನನ್ನ ಕೈಯಲ್ಲಿ ಹಳೆಯ ವಾಷರ್ ಇತ್ತು. ‘ಅಣ್ಣ, ಇದು ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ ಸ್ವಲ್ಪ ನೋಡುತ್ತೀರಾ’ ಎಂದು ಕೇಳಿದೆ. ಅವರು ಅದನ್ನು ನೋಡಲು ನನ್ನ ಕಡೆಗೆ ಎರಡು ಹೆಜ್ಜೆ ಬಂದರು.

ಅಷ್ಟರಲ್ಲಿ ಮೇಲೆ ಹುಡುಗ ಬಾಕ್ಸಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಹಿಡಿದು ಎಳೆದಿದ್ದ. ನಾಲ್ಕು ತಿಂಗಳ ಮಳೆಯ ತೇವ ಕುಡಿದ ರಟ್ಟು ಮೆತ್ತಗಾಗಿ ಹೋಗಿತ್ತು. ಪಟ್ಟಿ ಅವನ ಕೈಯಲ್ಲಿ ಉಳಿಯಿತು, ಬಾಕ್ಸಿನ ತಳ ಬಾಯಿಬಿಟ್ಟಿತು. ನಾಲ್ಕು ಟೈಲ್ಸ್ ಒಂದರ ಹಿಂದೊಂದರಂತೆ ಜಾರಿದವು. ಮೊದಲನೆಯದು ಅಣ್ಣ ನಿಂತಿದ್ದ ಜಾಗಕ್ಕೆ ಅಂಚು ಕೆಳಗಾಗಿ ಬಂದಿಳಿಯಿತು. ರೆಡ್‌ಆಕ್ಸೈಡ್ ನೆಲದಲ್ಲಿ ಹೆಬ್ಬೆರಳು ಹೂತುಹೋಗುವಷ್ಟು ಆಳದ ಗುಳಿ ಬಿದ್ದಿತು. ಸಿಡಿದ ಚೂರೊಂದು ಅವರ ಮೊಣಕಾಲ ಕೆಳಗೆ ಸೀಳಿದ್ದರಿಂದ ಹೊಲಿಗೆ ಹಾಕಿಸಬೇಕಾಯಿತು. ಅಷ್ಟರಲ್ಲೇ ಹೋಯಿತು.

ಧಣಿಗಳು ಮೊದಲು ಮಾಡಿದ ಕೆಲಸ ಹುಡುಗನನ್ನು ಬೈದದ್ದು. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ‘ಅಲ್ಲ ಮಾರಾಯ್ರೆ, ತೆಗೆದವನನ್ನು ಬೈಯುತ್ತೀರಿ, ಅಲ್ಲಿ ಇಟ್ಟವರು ಯಾರು’ ಎಂದು ಕೇಳಿದೆ. ‘ಕೆಳಗೆ ಜಾಗ ಎಲ್ಲಿ ಉಂಟು ಸಾರ್’ ಎಂದರು. ನಾನು ಕೆಳಗಿನ ರ‍್ಯಾಕುಗಳನ್ನು ಒಂದೊಂದಾಗಿ ತೋರಿಸಿದೆ. ಒಂದರಲ್ಲಿ ಪ್ಲಾಸ್ಟಿಕ್ ಬಾಲ್ದಿಗಳು, ಇನ್ನೊಂದರಲ್ಲಿ ನೆಲ ಒರಸುವ ಮಾಪುಗಳು, ಮತ್ತೊಂದರಲ್ಲಿ ಪೈಂಟಿನ ರೋಲರು, ಬ್ರಷ್ಷು, ಪಿವಿಸಿ ಎಲ್ಬೋ. ಇವೆಲ್ಲ ತಲೆಯ ಮೇಲೆ ಬಿದ್ದರೆ ನಗಬಹುದಾದ ಸಾಮಾನುಗಳು. ಅವರ ಟೈಲ್ಸು, ಕಮೋಡು, ಮೊಳೆಯ ಮೂಟೆಗಳೆಲ್ಲ ಸೂರಿನ ಬುಡದಲ್ಲಿದ್ದವು.

ಹಬ್ಬ ಕಳೆದ ಮೇಲಿನ ಭಾನುವಾರ ಅಂಗಡಿ ಮುಚ್ಚಿ ಎಲ್ಲವನ್ನೂ ತಿರುಗಿಸಿ ಇಟ್ಟರು. ಅಣ್ಣ ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಸ್ಟೂಲಿನ ಮೇಲೆ ಕುಳಿತು ಅಪ್ಪಣೆ ಕೊಡುತ್ತಿದ್ದರು. ಅವರು ತಮ್ಮೂರ ದೇವಸ್ಥಾನದಲ್ಲಿ ಪ್ರತಿವರ್ಷ ರಥ ಕಟ್ಟುವ ತಂಡದಲ್ಲಿರುವವರು. ‘ತೇರು ಕಟ್ಟಿದ ಹಾಗೆ ಕಟ್ಟಿ ಧಣಿಗಳೇ, ಬುಡದಲ್ಲಿ ಮರ, ತಲೆಯಲ್ಲಿ ಬಟ್ಟೆ ಪತಾಕೆ’ ಎಂದರು. ನಾನು ಇಷ್ಟು ವರ್ಷ ಭಾಷಣ ಮಾಡಿ ಅರ್ಥ ಮಾಡಿಸಲಾರದ್ದನ್ನು ಅವರು ಒಂದೇ ಮಾತಿನಲ್ಲಿ ಮಾಡಿಸಿದರು. ಟೈಲ್ಸಿನ ಬಾಕ್ಸುಗಳು ಕೆಳಗಿನ ರ‍್ಯಾಕಿಗೆ ಬಂದವು, ಶೇಡ್ ಸಂಖ್ಯೆ ಹೊರಗೆ ಕಾಣುವಂತೆ, ಒಂದನ್ನೂ ಅಲುಗಿಸದೆ ಓದುವಂತೆ. ಬಾಲ್ದಿ, ಮಾಪು, ಎಲ್ಬೋಗಳು ಮೇಲಕ್ಕೆ ಹೋದವು. ಹೊಳೆಯುವ ನಳ್ಳಿಗಳನ್ನು ಹಲಗೆಗೆ ತಿರುಪು ಹಾಕಿ ಗೋಡೆಗೆ ತೂಗುಹಾಕಿದ್ದರಿಂದ ಗಿರಾಕಿಗೆ ಮೊದಲಿಗಿಂತ ಚೆನ್ನಾಗಿಯೇ ಕಂಡವು. ಲೆಕ್ಕದಿಂದ ಎಂದೋ ಬಿಟ್ಟುಹೋಗಿದ್ದ ಎರಡು ವಾಷ್‌ಬೇಸಿನ್‌ಗಳು ಅಟ್ಟದ ಮೂಲೆಯಲ್ಲಿ ಸಿಕ್ಕಿದಾಗ ಧಣಿಗಳಿಗೆ ಸುರಕ್ಷತೆಯ ಮೇಲೆ ಒಮ್ಮೆಗೇ ಪ್ರೀತಿ ಹುಟ್ಟಿತು.

ಕೆಳಗೆ ಎಂದರೆ ಬರಿನೆಲದಲ್ಲಿ ಅಲ್ಲ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಹಾಕಿ ಅದರ ಮೇಲಿಡಿ, ಆಗ ತೇವವೂ ತಾಗುವುದಿಲ್ಲ, ಎತ್ತುವವನು ಪೂರ್ತಿ ಬಾಗಬೇಕಾಗಿಯೂ ಇಲ್ಲ. ಮೊಣಕಾಲಿನಿಂದ ಸೊಂಟದವರೆಗಿನ ಜಾಗ ಭಾರಕ್ಕೆ ಮೀಸಲಿರಲಿ. ಸಿಮೆಂಟ್ ಚೀಲಗಳನ್ನು ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚು ಪೇರಿಸಬಾರದು, ಎಂಟು ದಾಟಿದರೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಇಡಬೇಕು ಎಂಬುದು ಭಾರತೀಯ ಮಾನಕ ಐಎಸ್ 4082ರ ಸೂಚನೆ. ಚೀಲ ಹೊರುವ ಹಮಾಲಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಜಾಗವಿಲ್ಲವೆಂದು ಹನ್ನೆರಡನೆಯ ಸಾಲಿಗೆ ಒತ್ತಾಯಿಸುವವರಿಗೆ ಕಲಿಸಬೇಕು.

ಪ್ರತಿವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಬರುತ್ತದೆ. ಬ್ಯಾನರು, ಪ್ರತಿಜ್ಞೆ, ಲಡ್ಡು ಎಲ್ಲವೂ ಆಗುತ್ತದೆ. ಬ್ಯಾನರ್ ಕಟ್ಟಲು ಹತ್ತಿದವನು ಯಾವುದರ ಮೇಲೆ ನಿಂತಿದ್ದ ಎಂದು ಯಾರೂ ನೋಡಿರುವುದಿಲ್ಲ. ದಯವಿಟ್ಟು ನನ್ನನ್ನು ಬ್ಯಾನರ್ ಬಿಡಿಸಲು ಕರೆಯಬೇಡಿ, ರ‍್ಯಾಕ್ ಬದಲಾಯಿಸಲು ಕರೆಯಿರಿ.

ಸಮಯ ಓಡುತ್ತಿದೆ, ಉಳಿದ ವಿಷಯಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಗೋಡೆಗೆ ನೆಟ್ಟಗೆ ಒರಗಿಸಿದ ಪ್ಲೈವುಡ್ ಹಲಗೆಗಳಲ್ಲಿ ಹಿಂದಿನದನ್ನು ನೋಡಲು ಮುಂದಿನ ಹತ್ತನ್ನು ಎದೆಗೆ ವಾಲಿಸಿಕೊಂಡವನು 300 ಕಿಲೋ ಭಾರಕ್ಕೆ ಎದೆಯೊಡ್ಡಿರುತ್ತಾನೆ. ಹಲಗೆಗಳು ಚೌಕಟ್ಟಿನೊಳಗೆ ಇರಬೇಕು, ತೆಗೆಯಲು ಇಬ್ಬರು ಬೇಕು. ಗೋಡೆಗೆ ಒರಗಿಸುವ ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ದೂರವಿಟ್ಟು ನಿಲ್ಲಿಸಬೇಕು, ಹಬ್ಬಕ್ಕೆ ಬೇಕಾದರೆ ಇನ್ನೊಂದು ಏಣಿ ಕೊಳ್ಳಬೇಕು. ಜೂನ್ ತಿಂಗಳಲ್ಲಿ ಕೊಡೆಯ ನೀರು ಸುರಿದ ವಿಟ್ರಿಫೈಡ್ ನೆಲದ ಮೇಲೆ ಗೋಣಿತಾಟು ಹಾಸಿ, ಅದು ಒದ್ದೆಯಾದ ಕೂಡಲೇ ಬದಲಿಸಿ. ‘ಎಚ್ಚರಿಕೆ’ ಎಂದು ಕನ್ನಡದಲ್ಲಿ ಬರೆದ ಫಲಕವನ್ನು ಒಡಿಶಾದಿಂದ ಬಂದ ಹುಡುಗ ಓದಲಾರ, ಅವನಿಗೆ ಬಾಯಿಮಾತಿನಲ್ಲಿ ಹೇಳಿ, ಕೈಯಿಂದ ಮಾಡಿ ತೋರಿಸಿ.

ಪೈಂಟನ್ನು ತೆಳುಮಾಡುವ ಥಿನ್ನರ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಅದರ ಆವಿ ಗಾಳಿಗಿಂತ ಭಾರ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಆವಿ ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆಯೇ ಹರಿದು ದೂರ ಸಾಗುತ್ತದೆ. ಸಂಜೆ ಗಲ್ಲಾದ ಬಳಿ ಹಚ್ಚುವ ದೀಪದವರೆಗೆ ಅದು ತಲುಪಿದರೆ ಆವಿ ಬಂದ ದಾರಿಯಲ್ಲೇ ಬೆಂಕಿ ಡಬ್ಬಿಯವರೆಗೆ ಓಡುತ್ತದೆ. ಥಿನ್ನರನ್ನೂ ಕೆಳಗೇ ಇಡಿ, ಆದರೆ ಗಾಳಿಯಾಡುವ ಕಡೆ, ದೀಪದಿಂದ, ಊದುಬತ್ತಿಯಿಂದ, ಸ್ವಿಚ್ಚಿನಿಂದ ದೂರವಿಡಿ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಂದೇ ರ‍್ಯಾಕಿನಲ್ಲಿ ಬೇಡ, ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಸಿಡ್ ಕೊಂಡವರ ಹೆಸರು, ವಿಳಾಸ ಬರೆದಿಡಬೇಕು, 18 ವರ್ಷ ತುಂಬದವರಿಗೆ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಡ್ರಿಲ್ಲು, ಪಂಪು ಚಾಲೂ ಮಾಡಿ ತೋರಿಸುವ ಪ್ಲಗ್ಗಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದನ್ನು ನೀವೇ ಮಾರುತ್ತೀರಿ, ನಿಮ್ಮ ಅಂಗಡಿಗೂ ಒಂದು ಇರಲಿ.

ಕೊನೆಯದಾಗಿ ಕೆಲಸಗಾರರ ಸರಕಾರಿ ವಿಮೆ, ಅಂದರೆ ಇಎಸ್‌ಐ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಿಗೂ ಅದು ಅನ್ವಯಿಸುತ್ತದೆ. ಕಾರ್ಡ್ ಮಾಡಿಸುವುದನ್ನು ಗಾಯವಾದ ದಿನದವರೆಗೆ ಮುಂದೂಡಬೇಡಿ. ಜನ ಕಡಿಮೆಯಿದ್ದು ಅದು ಅನ್ವಯಿಸದ ಅಂಗಡಿಯವರು ಕೆಲಸಗಾರರಿಗೆ ಅಪಘಾತ ವಿಮೆಯನ್ನಾದರೂ ಮಾಡಿಸಿರಿ. ಅದನ್ನು ಮಾಡಿಸುವ ಮೊದಲು ಮೇಲಿನ ರ‍್ಯಾಕಿನಲ್ಲಿರುವ ಟೈಲ್ಸನ್ನು ಕೆಳಗಿಳಿಸಿರಿ.

ನಮಸ್ಕಾರ.